ಕುದುರೆ ಏರಿದ ಮೇಲೆ ಕೆಳಗೆ ನೋಡಬ್ಯಾಡ್ರಿ!

ದೀಪ ಆರಿತು. ತೆರೆಯ ಮೇಲೆ ಧೂಳೆದ್ದಿತು. ಖರಪುಟದ ಸದ್ದು ದೂರದಿಂದ ಹತ್ತಿರ, ಹತ್ತಿರದಿಂದ ಇನ್ನೂ ಹತ್ತಿರ... ಬಂದೇಬಿಟ್ಟ ನಾಯಕ! ಲಗಾಮು ಜಗ್ಗಿದ, ಕುದುರೆ ಮುಂಗಾಲೆತ್ತಿ ನಿಂತಿತು, ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಸಿಳ್ಳೆಯೋ ಸಿಳ್ಳೆ! 'ರಣಧೀರ ಕಂಠೀರವ' (1960) ಕಾಲದಿಂದ 'ಮಯೂರ' (1975), ಅಲ್ಲಿಂದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' (2012)ನವರೆಗೆ ನಾವು ಕನ್ನಡಿಗರು ಕುದುರೆ ಕಂಡು ಹೊಡೆದ ಸಿಳ್ಳೆಗೆ ಲೆಕ್ಕವುಂಟೇ?

ಆದರೆ ಓದುಗರೇ, ಒಂದು ಮಾತು ಕೇಳುತ್ತೇವೆ, ಸಿಟ್ಟಾಗಬೇಡಿ. ನಾಳೆ ಬೆಳಿಗ್ಗೆ ನಿಮ್ಮನ್ನೇ ಆ ಕುದುರೆಯ ಮೇಲೆ ಕೂಡಿಸಿ, "ಹೂಂ, ನಡೀರಿ" ಅಂದರೆ? ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಒಂದಿಷ್ಟು ಮುಂದೆ ಬಂದಿದೆ, ಸೈಕಲ್ಲಿನಿಂದ ಬಿದ್ದು ಇಪ್ಪತ್ತು ವರ್ಷ ಆಗಿದೆ. ಎದೆಯಲ್ಲಿ ಢವಢವ ಶುರುವಾಯಿತೋ ಇಲ್ಲವೋ?

ಆ ಢವಢವ ಹೊತ್ತುಕೊಂಡು ವಿಜಯಪುರದ ಇಬ್ರಾಹಿಂಪುರಕ್ಕೆ ಬಂದ ಒಬ್ಬರ ಕಥೆ ಇದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವೃತ್ತಿಯಿಂದ ಅಂಗಡಿಯೊಂದರ ಲೆಕ್ಕ ಬರೆಯುವವರು, ಪ್ರವೃತ್ತಿಯಿಂದ ನಾಟಕದವರು. ಊರ ಜಾತ್ರೆಗಳಲ್ಲಿ ಖಳನಾಯಕನ ಪಾತ್ರಕ್ಕೆ ಅವರನ್ನು ಬಿಟ್ಟರಿಲ್ಲ. ಇಪ್ಪತ್ತೈದು ವರ್ಷ ಬಣ್ಣ ಹಚ್ಚಿದ ಮೇಲೆ ಒಂದು ಐತಿಹಾಸಿಕ ಧಾರಾವಾಹಿಯಲ್ಲಿ ಸರದಾರನ ಪಾತ್ರ ಸಿಕ್ಕಿತು. ಮೀಸೆ ಅವರದೇ, ಕಂಠ ಅವರದೇ, ಗತ್ತು ಅವರದೇ. ನಿರ್ದೇಶಕರು ಕೇಳಿದ ಒಂದೇ ಪ್ರಶ್ನೆ: "ಕುದುರೆ ಸವಾರಿ ಬರ್ತದಲ್ಲ?"

"ಬರ್ತದ್ರೀ" ಅಂದುಬಿಟ್ಟರಂತೆ ಸರದಾರರು!

ಬರುತ್ತಿರಲಿಲ್ಲ. ಬರುವುದು ಇರಲಿ, ಸಣ್ಣವರಿದ್ದಾಗ ಟಾಂಗಾದ ಕುದುರೆಯೊಂದು ಒದ್ದ ಗುರುತು ಇವತ್ತಿಗೂ ಮೊಣಕಾಲ ಕೆಳಗೆ ಇದೆ. ಅಂದಿನಿಂದ ಕುದುರೆ ಕಂಡರೆ ರಸ್ತೆಯ ಆ ಮಗ್ಗುಲಿಗೆ ಹೋಗುವ ಆಸಾಮಿ. ಚಿತ್ರೀಕರಣಕ್ಕೆ ಉಳಿದದ್ದು ಇಪ್ಪತ್ತೆರಡು ದಿನ. ಅಷ್ಟರೊಳಗೆ ಬಾರದಿದ್ದರೆ ಪಾತ್ರ ಇನ್ನೊಬ್ಬರಿಗೆ. ಇಪ್ಪತ್ತೈದು ವರ್ಷ ಕಾದು ಸಿಕ್ಕ ಪಾತ್ರ!

ಟಾಂಗಾದ ಊರು

ಇದಕ್ಕೆ ವಿಜಯಪುರವೇ ಸರಿಯಾದ ಊರು ಎನ್ನಬೇಕು. ದಕ್ಷಿಣದ ಕಡೆ ಜಟಕಾ ಅಂದರೆ ಈ ಕಡೆ ಟಾಂಗಾ. ರೈಲಿನಿಂದಿಳಿದು ಗೋಲಗುಂಬಜಕ್ಕೆ, ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ ಟಾಂಗಾದಲ್ಲೇ ಹೋಗಬೇಕು ಎಂಬುದು ಒಂದು ಕಾಲದ ಪ್ರವಾಸಿಗರ ಹಟ. ಆಟೋ ಬಂದ ಮೇಲೆ ಟಾಂಗಾ ತೀರ ಕಡಿಮೆಯಾಗಿವೆ. ಉಳಿದ ಕುದುರೆಗಳಿಗೆ ಪ್ರವಾಸಿಗರು, ಮದುವೆ ಮೆರವಣಿಗೆ, ಹೀಗೆ ಅಷ್ಟಿಷ್ಟು ಕೆಲಸ.

ಕುದುರೆಗೂ ಈ ನೆಲಕ್ಕೂ ನಂಟು ಹಳೆಯದು. ಅರಬ್ಬೀ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಗೋವಾ ಬಂದರು 1510ರವರೆಗೆ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಪೋರ್ಚುಗೀಸರು ಅದನ್ನು ಕಿತ್ತುಕೊಂಡ ಮೇಲೆ ಕುದುರೆ ವ್ಯಾಪಾರದ ಲಗಾಮು ಅವರ ಕೈಗೆ ಹೋಯಿತು. ಈ ಕಡೆ ವಿಜಯಪುರ, ಆ ಕಡೆ ವಿಜಯನಗರ, ಇಬ್ಬರಿಗೂ ಕುದುರೆ ಬೇಕು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಇವತ್ತಿಗೂ ಕುದುರೆಗಳ ಸಾಲು ನಡೆದೇ ಇದೆ, ಹೋದಾಗ ನೋಡಿ.

ಇಬ್ರಾಹಿಂ ಹೆಸರಿನ ಸುಲ್ತಾನರು ಆದಿಲ್‌ಶಾಹಿಯಲ್ಲಿ ಇಬ್ಬರು. ಎರಡನೆಯವರು ಸಂಗೀತಪ್ರಿಯರು, 'ಕಿತಾಬ್-ಎ-ನವ್ರಸ್' ಬರೆದವರು. ಆ ಇಬ್ರಾಹಿಂ ಇನ್ನೂ ಹುಡುಗನಾಗಿದ್ದಾಗ ರಾಜ್ಯ ನೋಡಿಕೊಂಡ ಚಾಂದ್ ಬೀಬಿಯನ್ನು ದಖ್ಖನಿ ಚಿತ್ರಕಾರರು ಹೇಗೆ ಬರೆದರು ಗೊತ್ತೇ? ಸಿಂಹಾಸನದ ಮೇಲೆ ಅಲ್ಲ, ಕುದುರೆಯ ಮೇಲೆ! ಕೈಮೇಲೆ ಡೇಗೆ ಹಕ್ಕಿ, ಮುಖದಲ್ಲಿ ಎಳ್ಳಷ್ಟೂ ಅಂಜಿಕೆಯಿಲ್ಲ. ನಮ್ಮ ನಿರ್ಮಾಪಕರು ಈ ಹೆಣ್ಣುಮಗಳ ಕಡೆ ಯಾಕೆ ಕಣ್ಣು ಹಾಯಿಸುವುದಿಲ್ಲವೋ! 1961ರಲ್ಲಿ ಬಿ.ಆರ್. ಪಂತುಲು ಅವರು ಬಿ. ಸರೋಜಾದೇವಿಯವರನ್ನು ಕಿತ್ತೂರು ಚೆನ್ನಮ್ಮನನ್ನಾಗಿ ತೋರಿಸಿ ಗೆದ್ದಿರಲಿಲ್ಲವೇ?

ಇರಲಿ, ಸರದಾರರ ಕಥೆಗೆ ಬರೋಣ.

"ಅಂಜಬೇಕಾದ್ದು ನನ್ನ ಕುದುರಿ!"

ಇಬ್ರಾಹಿಂಪುರದಲ್ಲಿ ಅವರಿಗೆ ಸಿಕ್ಕ ಗುರು ಒಬ್ಬ ಮುದಿ ಟಾಂಗಾವಾಲಾ. ಎಲ್ಲರ ಬಾಯಲ್ಲೂ ಚಾಚಾ, ನಮಗೂ ಚಾಚಾ. ಬಿಳಿ ಗಡ್ಡ, ಬೀಡಿ ಬಿಟ್ಟು ಹತ್ತು ವರ್ಷವಾದರೂ ಬೀಡಿ ಹಿಡಿದಂತೆಯೇ ಇರುವ ಬೆರಳು. ಸರದಾರರು ತಮ್ಮ ಕಷ್ಟ ಹೇಳಿಕೊಂಡರು. ಚಾಚಾ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತೂಕ ಎಷ್ಟ್ ಅದೀರಿ ಸಾಹೇಬ್ರ?"

"ಎಂಬತ್ತರ ಮ್ಯಾಲ ಅದೀನಿ ಚಾಚಾ."

"ಹಂಗಾರ ನೀವ್ ಯಾಕ್ ಅಂಜಾಕತ್ತೀರಿ? ಅಂಜಬೇಕಾದ್ದು ನನ್ನ ಕುದುರಿ!"

ನಗೆಯ ಮಾತಲ್ಲ, ಲೆಕ್ಕದ ಮಾತು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ದಾಟಬಾರದು ಎಂಬುದು ಸವಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ. ಮುನ್ನೂರು ಕಿಲೋದ ನಾಟಿ ತಟ್ಟು ಅರವತ್ತು ಕಿಲೋ ಹೊತ್ತೀತು, ಅದಕ್ಕಿಂತ ಮೇಲೆ ಹೇರಿದರೆ ಬೆನ್ನು ಹೋದೀತು. ಭೀಮಾ ತೀರದಲ್ಲಿ ಕುರಿ ಮಂದೆಯ ಜತೆ ಗಂಟುಮೂಟೆ, ಮರಿಗಳನ್ನು ಹೊತ್ತು ಹೋಗುವ ಸಣ್ಣ ಕುದುರೆ ನೋಡಿದ್ದೀರಲ್ಲ? ಮಹಾರಾಷ್ಟ್ರದ ಕಡೆ ಅದರ ಬಳಗಕ್ಕೆ ಭೀಮಥಡಿ ಎಂದು ಹೆಸರು, ಈಚಿನ ವರ್ಷಗಳಲ್ಲಿ ಅದನ್ನು ಸ್ವತಂತ್ರ ತಳಿಯೆಂದೂ ಒಪ್ಪಿದ್ದಾರೆ. ಗಟ್ಟಿ ಜೀವ. ಆದರೂ ಸರದಾರರಂಥ ಆಳಿಗೆ ಎತ್ತರದ ಕುದುರೆಯೇ ಬೇಕು.

ಇನ್ನೊಂದು ತೊಡಕು: ಟಾಂಗಾದ ಕುದುರೆ ಸವಾರಿಯ ಕುದುರೆಯಲ್ಲ. ಅದಕ್ಕೆ ಎರಡು ಮೂಕಿಯ ನಡುವೆ ಎಳೆಯುವುದು ಗೊತ್ತು, ಕಣ್ಣಿಗೆ ಮರೆಪಟ್ಟಿ ಕಟ್ಟಿರುತ್ತಾರೆ, ಅಪ್ಪಣೆ ಹಿಂದಿನಿಂದ ಬರುತ್ತದೆ. ಬೆನ್ನ ಮೇಲೆ ಮನುಷ್ಯ ಕೂತರೆ "ಇದೇನಪಾ ಇದು" ಅಂತ ಗಾಬರಿಯಾಗುತ್ತದೆ. ಆದ್ದರಿಂದ ಚಾಚಾ ತಮ್ಮ ಪರಿಚಯದವರ ಮದುವೆ ಮೆರವಣಿಗೆಯ ಕುದುರೆ ತರಿಸಿದರು. ಬಿಳಿ ಬಣ್ಣ, ಹದಿನಾಲ್ಕು ವರ್ಷದ ಹೆಣ್ಣು ಕುದುರೆ. ಬ್ಯಾಂಡು, ಪಟಾಕಿ, ಕುಣಿತ, ಡಿಜೆ ಎಲ್ಲ ಕೇಳಿ ಕೇಳಿ ಸಾಕಾಗಿ ಸನ್ಯಾಸಿಯಂತಾದ ಪ್ರಾಣಿ.

ಮೆರವಣಿಗೆ ಅಂದೆವಲ್ಲ, ಒಂದು ವಿಷಯ ಯಾರೂ ಗಮನಿಸಿಲ್ಲ. ಅಂಜುಬುರುಕರಿಗೆ ಕುದುರೆ ಸವಾರಿ ಕಲಿಸುವ ಅತಿ ದೊಡ್ಡ ಶಾಲೆ ನಮ್ಮ ಮದುವೆ ಬೀದಿಯೇ! ಬಾಸಿಂಗ ಕಟ್ಟಿದ ಮದುಮಗ, ಜನ್ಮದಲ್ಲಿ ಮೊದಲ ಸಲ ಕುದುರೆ ಏರುತ್ತಾನೆ. ಕೈಯಲ್ಲಿ ಕಟಾರಿ, ಕೊರಳಲ್ಲಿ ನೋಟಿನ ಹಾರ, ಮುಖದಲ್ಲಿ ನಗು, ಒಳಗೆ ಮಾತ್ರ "ಯಾವಾಗ ಇಳಿಸ್ತಾರಪಾ". ಪಾಠ ಎರಡೇ ಎರಡು ನಿಮಿಷ. ಲಗಾಮು ಕುದುರೆಯವನ ಕೈಲಿ. ಆದರೂ ಬಿದ್ದವರು ಅಪರೂಪ. ಯಾಕೆಂದರೆ ಕುದುರೆ ನಡೆಯುತ್ತದೆ, ಓಡುವುದಿಲ್ಲ, ತಲೆಯ ಹತ್ತಿರ ತಿಳಿದವನೊಬ್ಬ ಇರುತ್ತಾನೆ. ಮೊದಲ ಪಾಠದ ಗುಟ್ಟೆಲ್ಲ ಇಷ್ಟೇ ನೋಡಿ.

ಮೂರು ದಿನ ಕುದುರೆ ಏರಲೇ ಇಲ್ಲ

ಸರದಾರರು ಮೊದಲ ದಿನವೇ ಹೊಸ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಚಾಚಾ ಕೈಗೆ ಬ್ರಷ್ ಕೊಟ್ಟರು.

"ಕುದುರಿಗೆ ನಿಮ್ಮ ಹೆಸರು ಬ್ಯಾಡ, ನಿಮ್ಮ ವಾಸನಿ ಬೇಕು. ಸುಮ್ನ ನಿಂದರ್ರಿ, ಅದು ಮೂಸಲಿ. ಹಿಂದಿಂದ ಬರಬ್ಯಾಡ್ರಿ, ನಟ್ಟನಡು ಮುಂದಿಂದೂ ಬರಬ್ಯಾಡ್ರಿ. ಎಡಕ್ಕ, ಹೆಗಲಿನ ಹಂತ್ಯಾಕ ಬರ್ರಿ. ಮಾತಾಡ್ಕೋತ ಬರ್ರಿ."

"ಏನ್ ಮಾತಾಡ್ಲಿ ಚಾಚಾ?"

"ಏನರೆ ಮಾತಾಡ್ರಿ. ನಾಟಕದವ್ರು, ನಿಮಗ ಮಾತಿಗೆ ಬರಾ ಐತೇನು?"

ಸರದಾರರು ತಮ್ಮ ಹಳೆಯ ನಾಟಕದ ಖಳನಾಯಕನ ಅಬ್ಬರ ತೆಗೆದರು. ಕುದುರೆಯ ಎರಡೂ ಕಿವಿ ಹಿಂದಕ್ಕೆ ಮಲಗಿದವು. "ಮೆಲ್ಲಕ... ಮೆಲ್ಲಕ..." ಅಂದರು ಚಾಚಾ. ಅದೇ ಮಾತನ್ನು ಮಗುವಿಗೆ ಜೋಗುಳ ಹೇಳಿದ ಹಾಗೆ ಹೇಳಿದಾಗ ಒಂದು ಕಿವಿ ಇವರ ಕಡೆ ತಿರುಗಿತು. "ಕೇಳಾಕತ್ತೈತಿ ನೋಡ್ರಿ" ಅಂದರು.

ಈ ಕಿವಿಯ ಭಾಷೆ ಕಲಿತರೆ ಅರ್ಧ ಅಂಜಿಕೆ ಹೋದಂತೆ. ಕಿವಿ ಮುಂದಕ್ಕೆ ನಿಗುರಿದರೆ ಏನನ್ನೋ ನೋಡುತ್ತಿದೆ. ತಲೆಗೆ ಅಂಟಿದ ಹಾಗೆ ಹಿಂದೆ ಮಲಗಿದರೆ ಸಿಟ್ಟು ಬಂದಿದೆ, ದೂರ ಸರಿಯಿರಿ. ಕುದುರೆಯ ಕಣ್ಣು ತಲೆಯ ಎರಡು ಮಗ್ಗುಲಿಗೆ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಾಣದ ಜಾಗ ಎರಡೇ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಸರದಾರರು ಹುಡುಗರಾಗಿದ್ದಾಗ ಒದೆ ತಿಂದದ್ದು ಎಲ್ಲಿ ನಿಂತು ಅಂತ ಕೇಳಿದೆವು. ಬಾಲದ ಹಿಂದೆಯೇ! "ಅಂದ್ರ ಅದಕ್ಕ ನನ್ನ ಮ್ಯಾಲ ಸಿಟ್ಟ ಇರಲಿಲ್ಲೇನ್ರೀ?" ಅಂತ ಕೇಳಿದರು. ಮೂವತ್ತೈದು ವರ್ಷ ಹೊತ್ತ ಹಗೆ ಅಲ್ಲಿಗೆ ಅರ್ಧ ಇಳಿದ ಹಾಗೆ ನಮಗೆ ಕಂಡಿತು.

ಮೂರು ದಿನ ಮೈ ಉಜ್ಜುವುದು, ಗೊರಸಿನೊಳಗಿನ ಮಣ್ಣು ಕೆದರುವುದು, ಅಂಗೈ ಚಪ್ಪಟೆ ಮಾಡಿ ಬೆಲ್ಲ ತಿನ್ನಿಸುವುದು. ಬೆರಳು ಮಡಚಿದರೆ ಬೆಲ್ಲದ ಜತೆ ಬೆರಳೂ ಹೋದೀತು, ಎಚ್ಚರ!

ನಾಲ್ಕನೇ ದಿನ ಜೀನು ಬಂತು. ಹೊಟ್ಟೆಪಟ್ಟಿ ಬಿಗಿದು, ಒಂದು ಗಳಿಗೆ ಬಿಟ್ಟು ಮತ್ತೆ ಬಿಗಿದರು. ಮೊದಲ ಸಲ ಬಿಗಿಯುವಾಗ ಕೆಲವು ಕುದುರೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತವಂತೆ. ಆಮೇಲೆ ಉಸಿರು ಬಿಟ್ಟರೆ ಪಟ್ಟಿ ಸಡಿಲ, ಸವಾರ ಜೀನಿನ ಸಮೇತ ಹೊಟ್ಟೆಯ ಕೆಳಗೆ. ಜಾಣ ಪ್ರಾಣಿ! ರಿಕಾಬಿಗೆ ಎಡಗಾಲು ಇಟ್ಟು ಏರುವ ಬದಲು ಚಾಚಾ ಒಂದು ಕಲ್ಲುಕಟ್ಟೆಯ ಮಗ್ಗುಲಿಗೆ ಕುದುರೆ ನಿಲ್ಲಿಸಿದರು. ನಾಯಕ ನೆಲದಿಂದ ಛಂಗನೆ ಹಾರಿ ಕೂರುವುದು ಸಿನಿಮಾಕ್ಕೆ ಚೆಂದ, ಕುದುರೆಯ ಬೆನ್ನಿಗೆ ಅಲ್ಲ. ಕಟ್ಟೆಯಿಂದ ಏರಿದರೆ ಇಬ್ಬರಿಗೂ ಸುಖ.

ಏರಿದರು. ಕೆಳಗೆ ನೋಡಿದರು. ಮುಗಿಯಿತು! ನೆಲ ಪಾತಾಳಕ್ಕೆ ಹೋದ ಹಾಗೆ ಕಂಡು, ಎರಡೂ ಕಾಲಿನಿಂದ ಕುದುರೆಯ ಹೊಟ್ಟೆ ಅವಚಿ, ಕೇಸರ ಹಿಡಿದು, ಉಸಿರು ಬಿಗಿಹಿಡಿದರು. ಕಾಲು ಅವಚಿದರೆ ಕುದುರೆಗೆ "ನಡೆ" ಅಂತ ಅರ್ಥ. ಅದು ನಡೆಯಿತು. "ಚಾಚಾ! ಚಾಚಾ!" ಎಂದು ಸರದಾರರು ಕೂಗಿದ ಕೂಗು ರೈಲು ಹಳಿಯ ಆಚೆಗೂ ಕೇಳಿಸಿರಬೇಕು.

"ಕೆಳಗ ನೋಡಬ್ಯಾಡ್ರಿ. ಆ ಬೇವಿನ ಗಿಡ ನೋಡ್ರಿ. ನೀವ್ ಎಲ್ಲಿ ನೋಡ್ತೀರಿ, ಕುದುರಿ ಅಲ್ಲೇ ಹೊಕ್ಕೈತಿ. ನೆಲ ನೋಡಿದ್ರ ನೀವೂ ನೆಲಕ್ಕೇ ಹೋಗ್ತೀರಿ. ಉಸುರ ಬಿಡ್ರಿ. ಜೋರ್ ಬಿಡ್ರಿ, ನನಗ ಕೇಳಬೇಕು."

ಸ್ವೀಡನ್ನಿನ ಛತ್ರಿ

ಚಾಚಾ ಓದಿದವರಲ್ಲ. ಆದರೆ ಅವರು ಹೇಳಿದ್ದನ್ನೇ ಸ್ವೀಡನ್ ದೇಶದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಂಡುಕೊಂಡಿದ್ದಾರೆ. ಪ್ರಯೋಗ ಬಲು ಮಜವಾಗಿದೆ, ಕೇಳಿ. ಜನರಿಗೆ ಕುದುರೆ ಕೊಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ಕರಕೊಂಡು ಹೋಗಿ ಅಂದರು. ಕೆಲವರು ಏರಿದರು, ಕೆಲವರು ಹಿಡಿದು ನಡೆಸಿದರು. ನಾಲ್ಕನೇ ಸಲ ಹೊರಡುವ ಮೊದಲು, "ಈಗ ಕುದುರೆ ಹೋಗುವಾಗ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ" ಅಂತ ಹೇಳಿದರು. ಯಾರೂ ಛತ್ರಿ ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಜತೆಗೆ ಕುದುರೆಯ ಎದೆಬಡಿತವೂ ಏರಿತು! ಛತ್ರಿಯ ಸುದ್ದಿ ಕುದುರೆಗೆ ಯಾರು ಹೇಳಿದ್ದರು? ಮನುಷ್ಯನ ಮೈಯೇ ಹೇಳಿತ್ತು.

ವಿಶ್ರಾಂತಿಯಲ್ಲಿರುವ ಕುದುರೆಯ ಎದೆ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುತ್ತದೆ, ನಮ್ಮದಕ್ಕಿಂತ ನಿಧಾನ. ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಬೆನ್ನ ಮೇಲಿರುವವನು ಅಂಜಿದರೆ "ಇವನಿಗೆ ಹುಲಿ ಕಂಡಿರಬೇಕು" ಎಂದು ಅದೂ ಅಂಜುತ್ತದೆ. ಆದ್ದರಿಂದಲೇ ಉಸಿರು ಬಿಡು ಅನ್ನುವುದು. ಸರದಾರರಿಗೆ ಉಸಿರು ಬಿಡಲು ಚಾಚಾ ಕಂಡ ಉಪಾಯ: ಹಾಡಿ! ಹಾಡುವವನು ಉಸಿರು ಹಿಡಿಯಲಾರ. ಏಳನೇ ದಿನ ಇಬ್ರಾಹಿಂಪುರದ ಬಯಲಲ್ಲಿ ಬಿಳಿ ಕುದುರೆಯ ಮೇಲೆ ರಂಗಗೀತೆ ಹಾಡುತ್ತ ಸುತ್ತು ಹೊಡೆಯುವ ಸರದಾರರನ್ನು ನೋಡಲು ಹುಡುಗರ ದಂಡೇ ನೆರೆದಿತ್ತು.

ಅಂದಹಾಗೆ, ಚಾಚಾ ಲಗಾಮನ್ನು ಮೊದಲ ವಾರ ಅವರ ಕೈಗೇ ಕೊಡಲಿಲ್ಲ. ಉದ್ದನೆಯ ಹಗ್ಗದ ತುದಿಯಲ್ಲಿ ಕುದುರೆ, ನಡುವೆ ಚಾಚಾ, ಗಾಣದೆತ್ತಿನ ಹಾಗೆ ಸುತ್ತು. ಹೊಸಬರನ್ನು ಹೀಗೆ ಹಗ್ಗದ ಮೇಲೆ ಕಲಿಸುವುದು ಒಳ್ಳೆಯ ಸವಾರಿ ಶಾಲೆಗಳಲ್ಲೆಲ್ಲ ಇರುವ ಪದ್ಧತಿ. ಅಂಜಿದವನ ಕೈಗೆ ಲಗಾಮು ಕೊಟ್ಟರೆ ಅದನ್ನೇ ಜೋತುಬೀಳುವ ಹಗ್ಗ ಮಾಡಿಕೊಳ್ಳುತ್ತಾನೆ. ಲಗಾಮಿನ ಇನ್ನೊಂದು ತುದಿ ಇರುವುದು ಒಂದು ಜೀವದ ಬಾಯೊಳಗೆ. ತೆರೆಯ ಮೇಲೆ ನಾಯಕರು ಲಗಾಮು ಜಗ್ಗುವುದನ್ನು ನೋಡಿದಾಗಲೆಲ್ಲ ಈಗ ನಮಗೆ ಕುದುರೆಯ ಬಾಯಿಯೇ ಕಣ್ಣಿಗೆ ಬೀಳುತ್ತದೆ. ಇನ್ನು ಆ ಕೆನೆತ! ನಿಜವಾದ ಕುದುರೆ ನಿಂತಾಗಲೊಮ್ಮೆ ಕೆನೆಯುವುದಿಲ್ಲ ಸ್ವಾಮಿ. ಅದು ಸೌಂಡ್ ರೆಕಾರ್ಡಿಸ್ಟರ ಕೊಡುಗೆ.

ಸಿನಿಮಾ ಹುಟ್ಟಿದ್ದೇ ಕುದುರೆಯಿಂದ

ಕುಕ್ಕುಲೋಟದ ಪಾಠ ಶುರುವಾದದ್ದು ಹತ್ತನೇ ದಿನ. ನಡಿಗೆಯಲ್ಲಿ ಕುದುರೆ ನಾಲ್ಕು ಹೆಜ್ಜೆ ಬೇರೆ ಬೇರೆ ಇಡುತ್ತದೆ, ತೊಟ್ಟಿಲಿನ ಹಾಗೆ. ಇಂಗ್ಲಿಷರು ಟ್ರಾಟ್ ಅನ್ನುವ ಕುಕ್ಕುಲೋಟದಲ್ಲಿ ಎಡ ಮುಂಗಾಲು ಬಲ ಹಿಂಗಾಲು ಜೋಡಿ, ಬಲ ಮುಂಗಾಲು ಎಡ ಹಿಂಗಾಲು ಜೋಡಿ. ಟಕ್ ಟಕ್, ಟಕ್ ಟಕ್. ಹೊಸ ಸವಾರನ ಹಲ್ಲು ಹಲ್ಲಿಗೆ ಬಡಿಯುವುದು ಇಲ್ಲಿಯೇ. ಒಂದು ಟಕ್ಕಿಗೆ ಏಳಬೇಕು, ಇನ್ನೊಂದು ಟಕ್ಕಿಗೆ ಕೂಡಬೇಕು. ಹಿಮ್ಮಡಿ ಕೆಳಗೆ, ದೃಷ್ಟಿ ಮುಂದೆ. ತಬಲಾ ಬಲ್ಲವರಿಗೆ ಬೇಗ ಬರುತ್ತದಂತೆ. ಸರದಾರರು ನಾಟಕದವರಲ್ಲವೇ, ತಾಳ ಸಿಕ್ಕಿತು.

ಇದರಾಚೆಗಿನದು ನಾಗಾಲೋಟ. ನಾಲ್ಕು ಕಾಲೂ ಒಂದೇ ಕ್ಷಣ ನೆಲ ಬಿಡುತ್ತವೆಯೋ ಇಲ್ಲವೋ ಎಂಬುದು ಒಂದು ಕಾಲಕ್ಕೆ ದೊಡ್ಡ ವಾದ. ಅಮೆರಿಕದ ಲೆಲೆಂಡ್ ಸ್ಟ್ಯಾನ್‌ಫರ್ಡ್ ಎಂಬ ಧನಿಕ ಅದನ್ನು ತೀರ್ಮಾನ ಮಾಡಿಸಲು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನಿಗೆ ಹಣ ಹಾಕಿದ. 1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಓಟದ ಹಾದಿಯುದ್ದಕ್ಕೂ ಕ್ಯಾಮೆರಾಗಳ ಸಾಲು ನಿಲ್ಲಿಸಿ, ಕುದುರೆ ಓಡಿದಂತೆ ಒಂದೊಂದಾಗಿ ಚಿತ್ರ ಬೀಳುವ ಹಾಗೆ ಮಾಡಿದರು. ಬಿಡುತ್ತವೆ! ನಾಲ್ಕೂ ಕಾಲು ಗಾಳಿಯಲ್ಲಿದ್ದದ್ದು ಚಿತ್ರದಲ್ಲಿ ಸ್ಪಷ್ಟ ಕಂಡಿತು. ಆ ಚಿತ್ರಗಳನ್ನು ಸಾಲಾಗಿ ತಿರುಗಿಸಿದರೆ ಕುದುರೆ ಓಡಿದಂತೆಯೇ ಕಾಣುತ್ತಿತ್ತು. ಚಲನಚಿತ್ರದ ಮೊಳಕೆ ಒಡೆದದ್ದು ಹೀಗೆ. ಅಂದರೆ ಜಗತ್ತಿನ ಮೊಟ್ಟಮೊದಲ ತಾರೆ ಒಂದು ಕುದುರೆ!

ನಮ್ಮ ರಂಗಭೂಮಿಯೂ ಹಿಂದೆ ಬಿದ್ದಿರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆಗ ಡ್ಯೂಪೂ ಇಲ್ಲ, ರೀಟೇಕೂ ಇಲ್ಲ.

ಸಿನಿಮಾದಲ್ಲಿ ಎಲ್ಲ ಉಂಟು. ಮುಖ ತೋರುವ ಕ್ಲೋಸಪ್ಪಿಗೆ ಜೀಪಿನ ಹಿಂದೆ ಕಟ್ಟಿದ ಮರದ ಕುದುರೆ, ದೂರದ ಶಾಟಿಗೆ ನಕಲಿ ಸವಾರ. 2019ರಲ್ಲಿ 'ಮಣಿಕರ್ಣಿಕಾ' ಹಿಂದಿ ಚಿತ್ರದ ಯಂತ್ರದ ಕುದುರೆಯ ವಿಡಿಯೋ ಹೊರಬಿದ್ದು ಜನ ನಕ್ಕರು. ನಗುವುದೇಕೆ? ಕೋಟಿಗಟ್ಟಲೆ ಹಣ ಸುರಿದ ಚಿತ್ರದ ನಾಯಕಿ ಬಿದ್ದು ಕಾಲು ಮುರಿದುಕೊಂಡರೆ ಆಗ ನಗುತ್ತೀರಾ? ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' (1975) ನೆನಪಿದೆಯಲ್ಲ. ಬಸಂತಿಯ ಟಾಂಗಾ, ಹಿಂದೆ ಡಕಾಯಿತರು! ಹೇಮಾಮಾಲಿನಿಯವರ ಪರವಾಗಿ ಆ ಟಾಂಗಾದ ಅಪಾಯದ ಓಟ ಮಾಡಿದವರು ರೇಷ್ಮಾ ಪಠಾಣ್ ಎಂಬ ಸಾಹಸಿ ಹೆಣ್ಣುಮಗಳು. ಹೊಡೆತ ತಿಂದವರು ಅವರು, ಚಪ್ಪಾಳೆ ಮಾತ್ರ ಬಸಂತಿಗೆ. ಎಷ್ಟೋ ವರ್ಷಗಳ ಮೇಲೆ, 2019ರಲ್ಲಿ, ಅವರ ಬದುಕಿನ ಮೇಲೆಯೇ ಒಂದು ಚಿತ್ರ ಬಂತು.

ಬೀಳುವ ಮಾತು

ಬೀಳುವುದಿಲ್ಲ ಎಂದು ಹೇಳುವ ಗುರು ಸುಳ್ಳುಗಾರ. ಚಾಚಾ ಹಾಗೆ ಹೇಳಲಿಲ್ಲ. ಪಾಠಕ್ಕೆ ಆರಿಸಿದ್ದು ಹರಗಿದ ಎರೆ ಹೊಲ, ಮೆತ್ತಗಿನ ಮಣ್ಣು. ತಲೆಗೆ ಹೆಲ್ಮೆಟ್ ಇಲ್ಲದೆ ಏರಿಸುವುದಿಲ್ಲ ಎಂದು ಹಟ ಹಿಡಿದರು. ಕಾಲಿಗೆ ಸಣ್ಣ ಹಿಮ್ಮಡಿಯ ಬೂಟು, ಚಪ್ಪಲಿ ಕೂಡದು. ಹಿಮ್ಮಡಿ ಇಲ್ಲದ ಪಾದ ರಿಕಾಬಿನೊಳಗೆ ಪೂರ್ತಿ ಜಾರಿ ಸಿಕ್ಕಿಕೊಂಡರೆ ಬಿದ್ದವನನ್ನು ಕುದುರೆ ಎಳೆದುಕೊಂಡು ಹೋಗುತ್ತದೆ. ಇಳಿಯುವುದನ್ನು ಏರುವುದಕ್ಕಿಂತ ಹೆಚ್ಚು ಸಲ ಅಭ್ಯಾಸ ಮಾಡಿಸಿದರು: ಎರಡೂ ಪಾದ ರಿಕಾಬಿನಿಂದ ಬಿಡಿಸು, ಮುಂದಕ್ಕೆ ಬಾಗು, ಜಾರಿ ಇಳಿ. ಹೆಣ್ಣುಮಕ್ಕಳು ಬಂದರೆ ಸೆರಗು, ದುಪಟ್ಟಾ ಎಲ್ಲ ಬಿಗಿದು ಕಟ್ಟಿ ಬರಬೇಕು.

ಸೂಪರ್‌ಮ್ಯಾನ್ ಪಾತ್ರದ ಕ್ರಿಸ್ಟೋಫರ್ ರೀವ್ ಅವರ ಕಥೆ ಗೊತ್ತಿದ್ದವರಿಗೆ ಈ ಎಚ್ಚರಿಕೆ ಅತಿಯೆನಿಸದು. ಅವರೂ ಸರದಾರರಂತೆಯೇ ದೊಡ್ಡವರಾದ ಮೇಲೆ, ಪಾತ್ರಕ್ಕಾಗಿ ಸವಾರಿ ಕಲಿತವರು. 1985ರ 'ಅನ್ನಾ ಕರೆನಿನಾ' ಟಿ.ವಿ. ಚಿತ್ರಕ್ಕೆ. ಕುದುರೆ ಹತ್ತಿರ ಬಂದರೆ ಸೀನು, ಅಲರ್ಜಿ. ಮಾತ್ರೆ ನುಂಗಿ ಕಲಿತರು. ಆಮೇಲೆ ಹುಚ್ಚೇ ಹಿಡಿಯಿತು, ಸ್ಪರ್ಧೆಗಳಿಗೆ ಇಳಿದರು. 1995ರ ಮೇ 27ರಂದು ವರ್ಜೀನಿಯಾದಲ್ಲಿ ಬೇಲಿ ಜಿಗಿಯುವಾಗ ಕುದುರೆ ಥಟ್ಟನೆ ನಿಂತಿತು, ಅವರು ತಲೆಕೆಳಗಾಗಿ ಬಿದ್ದರು. ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು. 2004ರಲ್ಲಿ ತೀರಿಕೊಂಡರು. ಇದು ಜಿಗಿತದ ಸ್ಪರ್ಧೆಯ ಮಾತು, ಹಗ್ಗದ ಮೇಲಿನ ನಡಿಗೆಯದಲ್ಲ ನಿಜ. ಆದರೆ ಅಂಜಿಕೆಯನ್ನು ಪೂರ್ತಿ ಕಳಕೊಳ್ಳಿ ಅಂತ ಯಾರಿಗೂ ನಾವು ಹೇಳಲಾರೆವು. ಒಂದು ಚಿಟಿಕೆ ಇರಲಿ. ಚಾಚಾ ಐವತ್ತು ವರ್ಷದ ಮೇಲೂ ಕುದುರೆಯ ಹಿಂದೆ ದಾಟುವಾಗ ಕೈಯಿಂದ ಅದರ ಸೊಂಟ ಸವರಿಕೊಂಡೇ ದಾಟುತ್ತಾರೆ.

ಓದುಗರಲ್ಲಿ ಯಾರಿಗಾದರೂ ಕಲಿಯುವ ಆಸೆ ಇದ್ದರೆ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದವರು ಸಾರ್ವಜನಿಕರಿಗೆ ಬೇಸಿಗೆ ಶಿಬಿರ ನಡೆಸಿದ್ದುಂಟು, ದಸರೆಯಲ್ಲಿ ನೀವು ನೋಡುವ ಅವೇ ಕುದುರೆಗಳು. ಬೆಂಗಳೂರಿನ ಸುತ್ತ ಸವಾರಿ ಶಾಲೆಗಳು ಹಲವು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಬೆಂಗಳೂರಿನ ಹುಡುಗನೇ. ಶಾಲೆಗೆ ಸೇರುವ ಮೊದಲು ಮೂರು ನೋಡಿ: ಹೆಲ್ಮೆಟ್ ಕೊಡುತ್ತಾರೋ, ಮೊದಲ ಪಾಠ ಹಗ್ಗದ ಮೇಲೋ, ಕುದುರೆಗಳ ಪಕ್ಕೆಲುಬು ಎಣಿಸುವಂತಿವೆಯೋ. ಹೊಟ್ಟೆಗಿಲ್ಲದ ಕುದುರೆಯ ಯಜಮಾನ ನಿಮ್ಮ ತಲೆಯನ್ನೂ ಕಾಯಲಾರ.

ಲೈಟ್ಸ್, ಕ್ಯಾಮೆರಾ...

ಇಪ್ಪತ್ತೆರಡನೇ ದಿನ ಸರದಾರರು ಸೆಟ್ಟಿಗೆ ಹೋದರು. ಅಲ್ಲಿ ಬೇರೆ ಕುದುರೆ! ಕರಿಯದು, ಎತ್ತರದ್ದು, ಗಂಡು. ಕೈಕಾಲು ತಣ್ಣಗಾದವು ಎಂದು ಅವರೇ ಹೇಳಿದರು. "ಹದಿನೈದು ನಿಮಿಷ ಕೊಡ್ರಿ, ಇದರ ಜೋಡಿ ನಿಂದರ್ತೀನಿ" ಎಂದು ಕೇಳಿದರಂತೆ. ಸಹಾಯಕ ನಿರ್ದೇಶಕ ಗಡಿಯಾರ ನೋಡಿಕೊಂಡ. ಕುದುರೆಯವನು ಮಾತ್ರ ತಲೆಯಾಡಿಸಿ ಹಗ್ಗ ಕೈಗೆ ಕೊಟ್ಟ. ಎಡಗಡೆ, ಹೆಗಲಿನ ಹತ್ತಿರ ನಿಂತು, ಕಿರೀಟ ಕವಚ ಸಮೇತ, ಸರದಾರರು ಮೆಲ್ಲಗೆ ತಮ್ಮ ಡೈಲಾಗು ಹೇಳತೊಡಗಿದರು. ಒಂದು ಕಿವಿ ತಿರುಗಿತು.

ಕೋಟೆ ಬಾಗಿಲಿನಿಂದ ನಡಿಗೆಯಲ್ಲಿ ಬರುವ ಶಾಟ್ ಮೂರನೇ ಟೇಕಿಗೆ ಓಕೆ. ಕುಕ್ಕುಲೋಟದಲ್ಲಿ ಸೈನ್ಯದ ಮುಂದೆ ಹಾಯುವುದು ಐದನೆಯದಕ್ಕೆ. ನಾಗಾಲೋಟದ ಶಾಟ್ಅವರು ಮಾಡಲಿಲ್ಲ. "ಇದು ನನಗ ಇನ್ನೂ ಬರೂದಿಲ್ಲ" ಎಂದು ನಿರ್ದೇಶಕರ ಮುಂದೆ ನಿಂತು ಹೇಳಿದರು. ಅದನ್ನು ಡ್ಯೂಪ್ ಮಾಡಿದ. ಪಾತ್ರ ಉಳಿಯಿತು.

ಕಂತು ಪ್ರಸಾರವಾದ ರಾತ್ರಿ ಇಬ್ರಾಹಿಂಪುರದ ಚಾಚಾನ ಮನೆಯಲ್ಲಿ ಹನ್ನೆರಡು ಜನ, ಒಂದು ಸಣ್ಣ ಟಿ.ವಿ. ಸರದಾರರು ಮೂಲೆಯಲ್ಲಿ ಚಹಾ ಹಿಡಿದು ಕೂತಿದ್ದರು. ತೆರೆಯ ಮೇಲೆ ಕರಿ ಕುದುರೆ ಬಂತು, ಮಕ್ಕಳು ಚಪ್ಪಾಳೆ ಹೊಡೆದರು. ಚಾಚಾ ಮಾತ್ರ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಎಡ ಹಿಂಗಾಲ್ ಲಾಳ ಸವದೈತಿ. ಅವ್ರಿಗೆ ಫೋನ್ ಹಚ್ಚಿ ಹೇಳ್ರಿ ಸಾಹೇಬ್ರ."

ಸರದಾರರು ಅಲ್ಲಿಂದಲೇ ಫೋನು ಹಚ್ಚಿದರು.